ಐದು ಗಂಟೆಗೆ ಏಳುವ ಮಾಷ್ಟ್ರು

ಒಳ್ಳೆಯ ಅಭ್ಯಾಸಗಳ ವಿಷಯದಲ್ಲಿ ನನ್ನನ್ನು ಯಾರೂ ಸೋಮಾರಿ ಎನ್ನುವ ಹಾಗಿಲ್ಲ. ಅವುಗಳನ್ನು ಶುರು ಮಾಡುವುದರಲ್ಲಿ ನನಗಿರುವಷ್ಟು ಅನುಭವ ಇಡೀ ಬಹರೈನಿನಲ್ಲಿ ಬೇರೆ ಯಾರಿಗೂ ಇರಲಾರದು. ಸಕ್ಕರೆ ಹಾಕದ ಚಹಾ, ದಿನಕ್ಕೆ ಹತ್ತು ಪುಟ ಓದು, ನೆನೆಸಿದ ಬಾದಾಮಿ, ಯೋಗ, ಎಲ್ಲವನ್ನೂ ಹಿಡಿದು ಬಿಟ್ಟವನು ನಾನು. ಯೋಗದ ಚಾಪೆಯನ್ನು ಬಾಲ್ಕನಿಯಲ್ಲಿ ಹಾಸಿ ನನ್ನ ಹೆಂಡತಿ ಶೋಭಾ ಸಂಡಿಗೆ ಒಣಗಿಸುತ್ತಾಳೆ. ಇಲ್ಲಿಯ ಬಿಸಿಲಿಗೆ ಅದು ಗರಿಗರಿಯಾಗುತ್ತದೆ. ಆದ್ದರಿಂದ ಯೋಗದಿಂದ ಮನೆಗೆ ಪ್ರಯೋಜನವೇ ಆಗಿಲ್ಲ ಎನ್ನುವಂತಿಲ್ಲ.

ಇಲ್ಲಿಯ ಹೂರಾ ಎಂಬ ಬಡಾವಣೆಯ ಒಂದು ಸಂಜೆ ತರಗತಿಯಲ್ಲಿ ನಾನು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಈ ಕೆಲಸದ ಕಷ್ಟವೇನೆಂದರೆ, ಪಾಠಕ್ಕೆ ಉದಾಹರಣೆ ಬೇಕು, ಉದಾಹರಣೆಗೆ ಹತ್ತಿರದಲ್ಲಿ ಸಿಗುವ ಮನುಷ್ಯ ನಾನೊಬ್ಬನೇ. ಕಳೆದ ಸೆಪ್ಟೆಂಬರಿನಲ್ಲಿ ದಿನಚರಿ ಹೇಳುವ ವರ್ತಮಾನಕಾಲದ ಪಾಠ ನಡೆಯುತ್ತಿತ್ತು. ಎಂಟೂವರೆಗೆ ಹೆಂಡತಿಯ ಫೋನು ಬಂದ ಮೇಲೆ ಏಳುತ್ತೇನೆ ಎಂದು ಬೋರ್ಡಿನ ಮೇಲೆ ಬರೆಯಲು ಕೈ ಬರಲಿಲ್ಲ. 'ಐ ವೇಕ್ ಅಪ್ ಎಟ್ ಫೈವ್. ಐ ವಾಕ್ ಎವ್ರಿ ಡೇ' ಎಂದು ಬರೆದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಮೊದಲ ಸಾಲಿನಲ್ಲಿ ಹಾಜಿ ಯೂಸುಫ್ ಕೂರುತ್ತಾರೆ. ಬಂದರಿನ ಗೋದಾಮಿನಲ್ಲಿ ಮೂವತ್ತು ವರ್ಷ ನಮ್ಮ ದೇಶದವರ ಜೊತೆ ದುಡಿದು ನಿವೃತ್ತರಾದ ಬಹರೈನಿ, ಹಿಂದಿ ಸಲೀಸು. ಅರಬ್ಬಿ ಬಾರದ ಮೊಮ್ಮಗಳೊಬ್ಬಳು ಕೆನಡಾದಲ್ಲಿದ್ದಾಳೆ, ಅವಳೊಂದಿಗೆ ಮಾತಾಡಲಿಕ್ಕೆ ಇಂಗ್ಲಿಷ್ ಬೇಕು. ಅವರು ಬರೆದುಕೊಂಡು, ತಲೆಯೆತ್ತಿ ಹಿಂದಿಯಲ್ಲಿ ಕೇಳಿದರು, "ಎಲ್ಲಿ ನಡೆಯುತ್ತೀರಿ ಟೀಚರ್?"

"ಮನೆ ಹತ್ತಿರವೇ, ಉಮ್ ಅಲ್ ಹಸ್ಸಮ್‌ನಲ್ಲಿ," ಎಂದೆ. ಕೇಳಿದರೆಂದು ಕಟ್ಟಡದ ಗುರುತನ್ನೂ ಹೇಳಿದೆ. ಅವರ ಮನೆ ನಮ್ಮದರಿಂದ ಎರಡು ಗಲ್ಲಿ ಆಚೆ ಎಂಬುದು ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಐದಕ್ಕೆ ಕೆಳಗಿನಿಂದ ಯಾರೋ "ಟೀಚರ್" ಎಂದು ಕರೆದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಶೋಭಾ ಬೆಳಗಿನ ಡ್ಯೂಟಿಗೆ ಹೊರಟಿದ್ದವಳು, ಬಾಲ್ಕನಿಯಿಂದ ಇಣುಕಿ ಅವರನ್ನು ಮಾತಾಡಿಸಿ ಬಂದು ನನ್ನ ಹೊದಿಕೆ ಎಳೆದಳು. "ಏಳಿ ಮಾರಾಯ್ರೆ. ನೀವು ದಿನಾ ಐದಕ್ಕೆ ಏಳುವವರಂತೆ. ಒಬ್ಬರು ಅಜ್ಜ ಬಂದು ನಿಂತಿದ್ದಾರೆ."

ಆ ಹೊತ್ತಿಗೇ ಗಾಳಿ ಒದ್ದೆ ಟವೆಲಿನಂತೆ ಮುಖಕ್ಕೆ ಅಂಟುತ್ತಿತ್ತು. ಹಾಜಿ ನಮಾಜು ಮುಗಿಸಿ ಬಂದವರು, ತಾಜಾ ಆಗಿದ್ದರು. ನಾನು ಅವರ ಹಿಂದೆ ಏದುಸಿರು ಬಿಡುತ್ತ, ಅವರು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತ, ಬೆವರಿನಲ್ಲಿ ಮಿಂದು ಮನೆಗೆ ಬಂದೆ. ಸೋಮವಾರವೂ ಬಂದರು. ಮಂಗಳವಾರ ಮೀನಖಂಡ ಸೆಟೆದುಕೊಂಡಿತು. ಬುಧವಾರದ ತರಗತಿಯಲ್ಲಿ ನಿದ್ದೆಗಣ್ಣಿನಲ್ಲಿ ಒಂದೇ ಪಾಠವನ್ನು ಎರಡು ಸಲ ಮಾಡಿದೆ. ಒಂದು ಸುಳ್ಳಿಗೆ ಇಷ್ಟು ನಡೆಸುವುದು ನ್ಯಾಯವಲ್ಲ ಎಂದು ನನಗೆ ರೇಗಿಹೋಯಿತು. ಗುರುವಾರ ಬೆಳಿಗ್ಗೆ, 'ಜ್ವರ' ಎಂದು ಅವರಿಗೆ ಮೆಸೇಜು ಹಾಕಿ ಮಗ್ಗುಲು ಬದಲಿಸಿದೆ.

ಹದಿನೈದು ನಿಮಿಷಕ್ಕೆ ಬಾಗಿಲ ಗಂಟೆ ಸದ್ದು ಮಾಡಿತು. ಲಿಫ್ಟ್ ಕೆಟ್ಟಿತ್ತು. ಹಾಜಿ ಮೂರು ಮಹಡಿ ಹತ್ತಿ, ಫ್ಲಾಸ್ಕಿನಲ್ಲಿ ಶುಂಠಿ, ಕೇಸರಿ ಹಾಕಿದ ಚಹಾ ತಂದಿದ್ದರು. ಶೋಭಾ ಅವರನ್ನು ಒಳಗೆ ಕೂರಿಸಿ, ನನ್ನನ್ನು ಎಬ್ಬಿಸಿ ತಂದು, ಅವರ ಎದುರಿಗೇ ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಹಿಂದಿಯಲ್ಲಿ, ಜ್ವರ ಇಲ್ಲ, ಬರೀ ಉದಾಸೀನ ಎಂದು ವರದಿ ಒಪ್ಪಿಸಿದಳು.

ಹಾಜಿ ನಕ್ಕರು. "ನನಗೆ ಮೊದಲ ದಿನವೇ ಗೊತ್ತಾಯಿತು. ದಿನಾ ನಡೆಯುವವನು ಮೊದಲ ತಿರುವಿನಲ್ಲೇ ಇನ್ನೆಷ್ಟು ದೂರ ಅಂತ ಕೇಳುವುದಿಲ್ಲ."

"ಮತ್ತೆ ಯಾಕೆ ಬಂದಿರಿ?" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

ಅವರು ಉತ್ತರವನ್ನು ಇಂಗ್ಲಿಷಿನಲ್ಲೇ ಹೇಳಲು ಹೊರಟರು. ಒಂದೊಂದೇ ಪದ ಹುಡುಕಿ ಜೋಡಿಸಿದರು. "ಮೈ ವೈಫ್ ವಾಕ್ಸ್ ವಿತ್ ಮಿ ಎವ್ರಿ ಡೇ."

ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆಯೆಂದು ತರಗತಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ತಪ್ಪು ತಿದ್ದಿ ತಿದ್ದಿ ಪಳಗಿದ ಬಾಯಿ. "ವಾಕ್ಸ್ ಅಲ್ಲ, ವಾಕ್ಡ್," ಎಂದುಬಿಟ್ಟೆ. "ಭೂತಕಾಲ."

ಹಾಜಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. "ವಾಕ್ಡ್," ಎಂದರು ಮೆಲ್ಲಗೆ. ಲೋಟಕ್ಕೆ ಚಹಾ ಬಗ್ಗಿಸಿ ನನ್ನ ಮುಂದಿಟ್ಟು, ಮೆಟ್ಟಿಲಿಳಿದು ಹೋದರು.

"ನಿಮ್ಮ ಬಾಯಿಗೆ ಸ್ವಲ್ಪ ರಜೆ ಕೊಡ್ಲಿಕ್ಕೆ ಆಗುದಿಲ್ವಾ?" ಎಂದಳು ಶೋಭಾ. ಅವಳು ಡ್ಯೂಟಿಗೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ.

ಮರುದಿನ ಯಾರೂ ಕರೆಯದೆ ನಾಲ್ಕೂಮುಕ್ಕಾಲಿಗೆ ಎದ್ದೆ. ಬದುಕಿನಲ್ಲಿ ಮೊದಲ ಸಲ. ಕೆಳಗೆ ಹೋಗಿ ನಿಂತೆ. ಕ್ಷಮೆ ಕೇಳುವ ವಾಕ್ಯವನ್ನು ಹಿಂದಿಯಲ್ಲಿ ತಯಾರು ಮಾಡಿಕೊಂಡಿದ್ದೆ. ಐದಾಯಿತು, ಐದೂಕಾಲಾಯಿತು, ಅಂಗಿ ಬೆನ್ನಿಗೆ ಅಂಟಿತು, ಹಾಜಿ ಬರಲಿಲ್ಲ. ಮನುಷ್ಯ ಬೇಸರಪಟ್ಟುಕೊಂಡರೇನೋ ಎಂದು ಗಲ್ಲಿಯ ತುದಿಯವರೆಗೆ ಹೋಗಿ ನೋಡಿ ಬಂದೆ. ಕೊನೆಗೆ ಫೋನು ಮಾಡಿದೆ.

"ಇವತ್ತು ಶುಕ್ರವಾರ ಟೀಚರ್," ಎಂದರು ಅವರು, ಆಕಳಿಸುತ್ತ. "ರಜೆ. ಮಲಗಿ. ನಾಳೆ ಬರುತ್ತೇನೆ."

ಬರುತ್ತಾರೆ ಎಂದು ಸಮಾಧಾನವಾದದ್ದು ನಿಜ. ಆದರೆ ಅದು ಮೂರು ಮಹಡಿ ಹತ್ತುವಷ್ಟರಲ್ಲಿ ಆರಿಹೋಯಿತು. ರಜೆಯೆಂದು ಮಲಗಿದ್ದ ಶೋಭಾಳನ್ನು ಎಬ್ಬಿಸಿ, ಈ ಜನರಿಗೆ ಶಿಸ್ತು ಎಂಬುದೇ ಇಲ್ಲ, ಅಭ್ಯಾಸವೆಂದರೆ ಒಂದು ದಿನವೂ ತಪ್ಪಬಾರದು ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಅವಳು ಕಣ್ಣು ಮುಚ್ಚಿಯೇ ಕೇಳಿಸಿಕೊಂಡಳು.

"ಒಂದು ದಿನ ಎದ್ದದ್ದಕ್ಕೆ ಇಷ್ಟು ಉಪದೇಶ," ಎಂದಳು. "ನೀವು ದಿನಾ ಎದ್ದರೆ ನಾನು ಊರಿಗೆ ಹೋಗ್ತೇನೆ."

ತಕ್ಕ ಉತ್ತರ ಕೊಡಬೇಕೆಂದು ಹಾಸಿಗೆಯ ತುದಿಯಲ್ಲಿ ಕೂತು ಯೋಚಿಸಿದೆ. ಎಚ್ಚರವಾದಾಗ ಹತ್ತೂವರೆಯಾಗಿತ್ತು.