ರಾಜಧೂಮ ಮಹಾತ್ಮೆ

ಬಹಳ ಹಿಂದೆ, ಅಂದರೆ ಮೋಟಾರು ಬಂದು ನಾಚಿಕೆ ಹೋದ ಮೇಲಿನ ಕಾಲದಲ್ಲಿ, ನಿರ್ಮಲಾವತಿ ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವನು ವಿಜೃಂಭಣವರ್ಮ ಮಹಾರಾಜ. ಅವನು ಸೀನಿದರೂ ಪತ್ರಿಕಾ ಪ್ರಕಟಣೆ ಹೊರಡುತ್ತಿತ್ತು. ಅವನ ಸವಾರಿಗೆ ಜಯಘೋಷವೆಂಬ ಡೀಸೆಲ್ ಕಾರಿತ್ತು. ಅದನ್ನು ಕಾರೆಂದು ಕರೆದವರಿಗೆ ದಂಡವಿದ್ದುದರಿಂದ ಎಲ್ಲರೂ ರಥವೆಂದೇ ಕರೆಯುತ್ತಿದ್ದರು.

ಪುರಾಣಗಳಲ್ಲಿ ದೇವತೆಗಳು ಪುಷ್ಪವೃಷ್ಟಿ ಕರೆಯುವುದು ವೀರನು ಏನಾದರೊಂದನ್ನು ಮಾಡಿ ಮುಗಿಸಿದ ಮೇಲೆ. ನಿರ್ಮಲಾವತಿಯಲ್ಲಿ ಅಷ್ಟು ಕಾಯುವ ಪದ್ಧತಿಯಿರಲಿಲ್ಲ. ರಥ ಅರಮನೆಯ ಬಾಗಿಲು ದಾಟಿತೆಂದರೆ ಸಾಕು, ಬೀದಿಯ ಎರಡೂ ಕಡೆಯಿಂದ ಚೆಂಡುಹೂವು, ಸೇವಂತಿಗೆ, ಕುಂಕುಮ, ಅಕ್ಷತೆ ಎಲ್ಲವೂ ಧಾರಾಕಾರ. ಮಹಾರಾಜ ಹಲ್ಲು ನೋವೆಂದು ವೈದ್ಯರ ಮನೆಗೆ ಹೊರಟರೂ ಅದೇ ವೃಷ್ಟಿ. ಈ ಏರ್ಪಾಡನ್ನು ಕಂಡುಹಿಡಿದವನು ನಂಜುಂಡಾರ್ಯ. ಅರಮನೆಗೆ ಹಾರ ಪೂರೈಸುತ್ತಿದ್ದ ಆಸಾಮಿ. ಚೌಕಕ್ಕೊಂದು ಹೂ ಎರಚುವ ಯಂತ್ರ ನಿಲ್ಲಿಸಿ, ಆ ಯಂತ್ರದ ಗಾಳಿಯಲ್ಲೇ ಹಾರಿ ಬಂದು ಮಂತ್ರಿಪೀಠದ ಮೇಲೆ ಕೂತಿದ್ದ. ಖಾತೆ ವಾಹನದ್ದು. ವಾಹನದ ಬಗ್ಗೆ ಅವನಿಗೆ ಗೊತ್ತಿದ್ದುದು ಹಿಂದಿನ ಸೀಟು ಮೆತ್ತಗಿರುತ್ತದೆ ಎಂಬುದಷ್ಟೇ. ಆದರೆ ಪೀಠ ಎಷ್ಟು ಜಾರುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾಹನಮಂತ್ರಿ ಈಗ ಅರಮನೆಯ ಹಿಂಬಾಗಿಲಲ್ಲಿ ಚಪ್ಪಲಿ ಕಾಯುತ್ತಿದ್ದ.

ಒಂದು ಬೆಳಿಗ್ಗೆ ಮಹಾರಾಜ ಉಪ್ಪರಿಗೆಯಲ್ಲಿ ನಿಂತು ತನ್ನದೇ ಪ್ರತಿಮೆಯನ್ನು ನೋಡಲು ಹೋದ. ಹೊಗೆಯಲ್ಲಿ ಪ್ರತಿಮೆ ಕಾಣಲಿಲ್ಲ. ಪ್ರಜೆಗಳು ಕಾಣದೆ ವರ್ಷಗಳಾಗಿದ್ದವು, ಅದು ಬೇರೆ ಮಾತು. ಪ್ರತಿಮೆಯ ವಿಷಯ ಗಂಭೀರವಾದ್ದರಿಂದ ಮಧ್ಯಾಹ್ನದೊಳಗೆ ಶಾಸನ ಸಿದ್ಧವಾಯಿತು: ಸಮಸ್ತ ವಾಹನಗಳಿಗೂ ಹೊಗೆ ತಪಾಸಣೆ, ಫೇಲಾದದ್ದು ನೇರ ಗುಜರಿಗೆ. ಕರಡು ಬರೆದ ನಂಜುಂಡಾರ್ಯ ಉತ್ಸಾಹದ ಭರದಲ್ಲಿ ಇನ್ನೊಂದು ಸಾಲು ಸೇರಿಸಿದ: ಫೇಲಾದ ವಾಹನದ ಉಸ್ತುವಾರಿ ಯಾರದೋ, ಅವರ ಉದ್ಯೋಗವೂ ಅಂದೇ ರದ್ದು.

ತರಕಾರಿಯ ಟೆಂಪೊಗಳು, ಶಾಲೆಯ ವ್ಯಾನುಗಳು, ಅಜ್ಜನ ಕಾಲದ ಸ್ಕೂಟರುಗಳು ಸಾಲುಸಾಲಾಗಿ ಗುಜರಿಗೆ ಹೋದವು. ಉಳಿದ ಪ್ರಜೆಗಳು ಹೊಟ್ಟೆಬಟ್ಟೆ ಕಟ್ಟಿ ಗಾಡಿ ರಿಪೇರಿ ಮಾಡಿಸಿಕೊಂಡರು. ಊರು ಕೊಂಚ ತಿಳಿಯಾಯಿತು. ಆಗ ನಂಜುಂಡಾರ್ಯನಿಗೆ ಇನ್ನೊಂದು ಸ್ಫೂರ್ತಿ. ರಾಜರಥಕ್ಕೆ ಅರಮನೆಯ ಚೌಕದಲ್ಲಿ, ಸಮಸ್ತರ ಸಮ್ಮುಖದಲ್ಲಿ, ನೇರ ಪ್ರಸಾರದಲ್ಲಿ ತಪಾಸಣೆ ಮಾಡಿ ಪ್ರಮಾಣಪತ್ರ ಅರ್ಪಿಸುವುದು.

ಶುಭಮುಹೂರ್ತದಲ್ಲಿ ತಪಾಸಣಾಧಿಕಾರಿ ದಾಸಪ್ಪ ರಥಕ್ಕೆ ಕೈಮುಗಿದು, ಹೊಗೆಕೊಳವೆಗೆ ಯಂತ್ರದ ನಳಿಗೆ ತೂರಿಸಿದ. ಸಾರಥಿ ಆಕ್ಸಿಲರೇಟರ್ ಒತ್ತಿದ. ರಥದ ಹಿಂಭಾಗದಿಂದ ಅಮಾವಾಸ್ಯೆಯೇ ಎದ್ದು ಬಂತು. ಹೊಗಳಿಕೆಯ ಪದ್ಯ ಹಿಡಿದು ಹಿಂದೆ ನಿಂತಿದ್ದ ಆಸ್ಥಾನಕವಿ ಭೃಂಗನಾಥ ಬಿಳಿ ಪಂಚೆಯಲ್ಲಿ ಬಂದಿದ್ದ. ಹೊಗೆ ಕರಗಿದಾಗ ಅವನ ಕಣ್ಣುಗುಡ್ಡೆ ಮಾತ್ರ ಬಿಳಿಯಾಗಿ ಉಳಿದಿತ್ತು. ಯಂತ್ರದ ಮುಖದ ಮೇಲೆ ಕೆಂಪಕ್ಷರ ಮೂಡಿತು. ಫೇಲ್.

"ಏನಂತೆ?" ಎಂದ ಮಹಾರಾಜ.

"ಯಂತ್ರ ತಮ್ಮನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು, ಪ್ರಭು," ಎಂದ ನಂಜುಂಡಾರ್ಯ. "ಗಾಬರಿಯಾಗಿದೆ."

"ಸಹಜ," ಎಂದ ಮಹಾರಾಜ. "ನಾಳೆ ಇದೇ ಹೊತ್ತಿಗೆ ಅದರ ಗಾಬರಿ ಕಳೆದಿರಬೇಕು. ಇಲ್ಲವಾದರೆ ರಥದ ಉಸ್ತುವಾರಿ ಯಾರದು ಅಂತ ನಾವು ಕೇಳಬೇಕಾಗುತ್ತದೆ."

ರಥದ ಉಸ್ತುವಾರಿ ನಂಜುಂಡಾರ್ಯನದೇ. ಅವನ ಕಣ್ಣಮುಂದೆ ಹಿಂಬಾಗಿಲ ಚಪ್ಪಲಿಗಳು ಸಾಲಾಗಿ ಸುಳಿದವು.

ಲಾಯದಲ್ಲಿ ರೋಗನಿರ್ಣಯ ಆರಂಭವಾಯಿತು. ಮೊದಲು ಯಂತ್ರ ಬದಲಾಯಿಸಿದರು. ಹೊಸ ಯಂತ್ರವೂ ರಾಜದ್ರೋಹಿಯಾಗಿತ್ತು. ಡೀಸೆಲ್ ಬದಲಾಯಿಸಿದರು. ಇಂಜೆಕ್ಟರ್ ಬದಲಾಯಿಸಿದರು. ಜೋಯಿಸರು ಬಂದು, ಕೊಳವೆ ನೈಋತ್ಯಕ್ಕಿದೆ, ರಥ ಹಿಮ್ಮುಖವಾಗಿ ಓಡಿದರೆ ಸರಿಹೋಗುತ್ತದೆ ಎಂದರು. ಹಿಮ್ಮುಖವಾಗಿ ಓಡಿಸಿದರು. ಹೊಗೆ ಈಗ ಜೋಯಿಸರ ಕಡೆಗೆ ಬಂತು.

"ಬಾನೆಟ್ ಎತ್ತಿ ನೋಡಿದ್ದೀರೇನ್ರಯ್ಯಾ?" ಎಂದು ನಂಜುಂಡಾರ್ಯ ಕೇಳಿದ.

ಎಲ್ಲರೂ ಕಿವಿ ಮುಚ್ಚಿಕೊಂಡರು. ಬಾನೆಟ್ಟಿನ ಮೇಲೆ ರಾಜಲಾಂಛನವಿತ್ತು, ನಿತ್ಯವೂ ಆರತಿ ಆಗುತ್ತಿತ್ತು. ಅದನ್ನು ಎತ್ತಿ ಒಳಗೆ ಇಣುಕುವುದೆಂದರೆ ಮಹಾರಾಜರ ಅಂಗಿ ಎತ್ತಿ ಹೊಟ್ಟೆ ನೋಡಿದಂತೆ. ರಥ ಬಂದಂದಿನಿಂದ ಆ ಕೆಲಸಕ್ಕೆ ಯಾರೂ ಕೈ ಹಾಕಿರಲಿಲ್ಲ. ಪೀಠದ ಭಯ ಎಲ್ಲ ಭಯಕ್ಕಿಂತ ದೊಡ್ಡದು. ನಂಜುಂಡಾರ್ಯ ಎಲ್ಲರನ್ನೂ ಹೊರಗೆ ಕಳಿಸಿ, ದಾಸಪ್ಪನೊಬ್ಬನನ್ನು ಉಳಿಸಿಕೊಂಡು, ತಾನೇ ಬಾನೆಟ್ ಎತ್ತಿದ.

ಒಳಗಿಂದ ಹಳೇ ದೇವಸ್ಥಾನದ ನಿರ್ಮಾಲ್ಯದ ವಾಸನೆ ಬಂತು. ಎಂಜಿನ್ನಿಗೆ ಗಾಳಿ ಹೋಗುವ ಫಿಲ್ಟರಿನ ಡಬ್ಬಿ ತೆರೆದರೆ ಮೇಲಿಂದ ತಳದವರೆಗೆ ಹೂವು. ಕೊಳೆತ ಚೆಂಡುಹೂವು, ಕಪ್ಪಿಟ್ಟ ಸೇವಂತಿಗೆ, ಕುಂಕುಮದ ಕೆಸರು. ಒಂದೆರಡು ಅಕ್ಷತೆ ಮೊಳಕೆ ಒಡೆದಿತ್ತು.

"ಉಸಿರು ಕಟ್ಬಿಟ್ಟದೆ, ಬುದ್ಧೀ," ಎಂದ ದಾಸಪ್ಪ. "ಗಾಳಿ ಸಾಲ್ದು. ಗಾಳಿ ಸಾಲ್ದಿದ್ರೆ ಡೀಸೆಲ್ ನೆಟ್ಟಗೆ ಉರಿಯಲ್ಲ. ಅದ್ಕೇ ಕರಿ ಹೊಗೆ. ಇದನ್ನ ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ. ನಾನು ಇಲ್ಲಿರಲೇ ಇಲ್ಲ."

ಹಳೆಯ ಫಿಲ್ಟರ್ ತೆಗೆದು ಹೊಸದು ಹಾಕಿದರು. ರಥ ಕೂಸಿನಂತೆ ಉಸಿರಾಡಿತು. ಯಂತ್ರ ಹಸಿರು ದೀಪ ತೋರಿಸಿತು. ನಂಜುಂಡಾರ್ಯನ ಮುಖ ಮಾತ್ರ ಕಪ್ಪಿಟ್ಟಿತು. ಮಹಾರಾಜ ದೋಷವೇನಿತ್ತೆಂದು ಕೇಳಿಯೇ ಕೇಳುತ್ತಾನೆ. ಹೂವೆಂದರೆ, ಹೂ ಎರಚಿಸಿದವನು ಯಾರು ಎನ್ನುತ್ತಾನೆ. ಸುಮ್ಮನಿದ್ದರೆ, ಪುಷ್ಪವೃಷ್ಟಿ ನಿಲ್ಲುವವರೆಗೆ ರಥ ಮತ್ತೆ ಮತ್ತೆ ಉಸಿರು ಕಟ್ಟುತ್ತದೆ. ಪುಷ್ಪವೃಷ್ಟಿ ನಿಂತರೆ ತಾನು ಯಾವ ಗಾಳಿಯಲ್ಲಿ ಹಾರಾಡುವುದು?

ಸಂಜೆ ಮನೆಗೆ ಬಂದಾಗ ಹೆಂಡತಿ ತುಳಸಮ್ಮ ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದಳು. ಮಂತ್ರಿಯ ಮಡದಿಯಾದರೂ ಪೇಟೆಬೀದಿಯ ಹಳೇ ಮನೆ ಬಿಟ್ಟು ಬರಲೊಲ್ಲೆನೆಂದವಳು. ಅವನು ಎಲ್ಲ ಹೇಳಿದ.

"ಅಲ್ಲಾರೀ," ಎಂದಳು ತುಳಸಮ್ಮ, "ಕಾಫಿ ಫಿಲ್ಟರಿಗೆ ಪುಡಿ ಗಿಡಿದು ತುಂಬಿದ್ರೆ ಡಿಕಾಕ್ಷನ್ ಇಳಿಯತ್ತಾ? ಅಷ್ಟೇ ಕಥೆ. ಹೂ ಎರಚೋದು ನಿಲ್ಸಿ ಅಂತ ಹೇಳ್ಬಿಡಿ."

"ಹೇಳಿದರೆ ನನ್ನ ಗತಿ?"

"ಹಾರ ಕಟ್ತಿದ್ದಾಗ ನಮಗೆ ಅನ್ನ ಇರ್ಲಿಲ್ವಾ? ಆಗ ನೀವು ರಾತ್ರಿ ನಿದ್ದೇನೂ ಮಾಡ್ತಿದ್ರಿ."

"ನಿನಗೆ ರಾಜಕಾರಣ ಅರ್ಥ ಆಗಲ್ಲ."

"ಆಗಲ್ಲ ಬಿಡಿ. ನಂಗೆ ಅಡುಗೆಮನೆ ಹೊಗೆ ಒಂದು ಅರ್ಥ ಆಗತ್ತೆ," ಎಂದು ಲೋಟ ಅವನ ಮುಂದಿಟ್ಟಳು.

ಮಾತು ನಾಟಿತು. ನಿಜ ಹೇಳಿಬಿಡುವುದೆಂದು ನಿಶ್ಚಯಿಸಿ, ಕೊಳೆತ ಹೂವನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು, ಮೇಲೆ ರೇಷ್ಮೆ ಹೊದಿಸಿ, ಮರುದಿನ ನಂಜುಂಡಾರ್ಯ ಸಭೆಗೆ ನಡೆದ. ಅಂತಃಪುರದಿಂದ ಸಿಂಹಾಸನದವರೆಗೆ ಎಲ್ಲರೂ ಕೂಡಿದ್ದರು. ನೇರ ಪ್ರಸಾರದ ಕ್ಯಾಮೆರಾಗಳೂ ಇದ್ದವು.

"ಪ್ರಭು, ದೋಷ ಸಿಕ್ಕಿತು. ರಥದ ಒಡಲಲ್ಲಿ..." ಎಂದು ರೇಷ್ಮೆ ಸರಿಸಿದ. "ಹೂವು."

ಮಹಾರಾಜ ಮುಂದಕ್ಕೆ ಬಾಗಿದ. "ಹೂವೇ? ನಮ್ಮ ರಥದ ಒಡಲಲ್ಲೇ?"

"ಹೌದು ಪ್ರಭು. ಪ್ರಜೆಗಳು ಎರಚಿದ್ದು. ಒಳಗೆ ಹೋಗಿ ಸೇರಿಕೊಂಡಿದೆ."

ಮಹಾರಾಜನ ಕಣ್ಣುಗಳು ತುಂಬಿ ಬಂದವು. "ಕೇಳಿದಿರಾ? ಪ್ರಜೆಗಳ ಪ್ರೀತಿ ನಮ್ಮ ರಥದ ಎದೆಗೇ ಇಳಿದಿದೆ. ಹಾಗಾದರೆ ಆ ಹೊಗೆ ಯಾವುದರದು, ಮಂತ್ರಿಗಳೇ?"

ಇಲ್ಲಿ ಒಂದು ಗಳಿಗೆ ಇತ್ತು. ಡೀಸೆಲಿನದು ಎಂದಿದ್ದರೆ ಈ ಕಥೆ ಇಲ್ಲಿಗೇ ಮಂಗಳ ಹಾಡಿಸಿಕೊಳ್ಳುತ್ತಿತ್ತು. ನಂಜುಂಡಾರ್ಯ ಬಾಯಿ ತೆರೆದ. ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ.

"ಭಕ್ತಿಯದು, ಪ್ರಭು."

ಭೃಂಗನಾಥ ಕಾಯುತ್ತಲೇ ಇದ್ದ. ಹಿಂದಿನ ದಿನದ ಮಸಿ ಕಿವಿಯ ಸಂದಿಯಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಎದ್ದು ನಿಂತು ರಾಗವಾಗಿ ಹಾಡಿದ:

ಹೊಗೆಯಿದಲ್ಲವು ಮುಗಿಲಿನಣ್ಣನು
ಜಗದ ಭಾಗ್ಯದ ಕರಿಯ ದೀವಿಗೆ
ನಗುತ ಬಂದನು ನೃಪನ ತೇರಿನ ಹಿಂದೆ ಹರಸಲಿಕೆ

ಸಭೆ ತಲೆದೂಗಿತು. ಹಾಕಿದ್ದ ಹೊಸ ಫಿಲ್ಟರನ್ನು ಕೂಡಲೇ ಕೀಳಿಸಿ, ಕೊಳೆತ ಹೂವನ್ನು ಸಕಲ ಮರ್ಯಾದೆಯೊಂದಿಗೆ ಡಬ್ಬಿಗೆ ಮರಳಿ ತುಂಬಿಸಲಾಯಿತು. ಸಂಜೆಯ ತಪಾಸಣೆಯಲ್ಲಿ ರಥ ಹಿಂದಿಗಿಂತ ದಟ್ಟವಾದ ಹೊಗೆ ಬಿಟ್ಟು ಪಾಸಾಯಿತು. ಹೊಗೆಯ ಹೊಸ ಅರ್ಥ ಯಂತ್ರಕ್ಕೂ ಗೊತ್ತಾಗಲೆಂದು ಅದರ ಕೆಂಪು ದೀಪಕ್ಕೆ ಹಸಿರು ಬಣ್ಣ ಬಳಿಯಲಾಗಿತ್ತು.

ಅಂದೇ ಪರಿಷ್ಕೃತ ಶಾಸನ ಹೊರಟಿತು. ರಾಜರಥದ ಹೊಗೆಯೇ ಇನ್ನು ರಾಜ್ಯದ ಮಾನದಂಡ. ಅದಕ್ಕಿಂತ ಕಡಿಮೆ ಹೊಗೆ ಬಿಡುವ ವಾಹನದಲ್ಲಿ ಭಕ್ತಿ ಕಡಿಮೆಯೆಂದು ತಿಳಿದು ಗುಜರಿಗೆ ಕಳಿಸಲಾಗುವುದು. ಮೊನ್ನೆ ಸಾಲ ಮಾಡಿ ಗಾಡಿ ರಿಪೇರಿ ಮಾಡಿಸಿದವರು ಇಂದು ಅದನ್ನು ಕೆಡಿಸಲು ಸಾಲ ಮಾಡಿದರು. ಫಿಲ್ಟರಿಗೆ ತುಂಬಲು ಅಧಿಕೃತ ಕೊಳೆತ ಹೂವು ನಂಜುಂಡಾರ್ಯನ ಅಂಗಡಿಗಳಲ್ಲಿ ಮಾತ್ರ ದೊರೆಯುತ್ತಿತ್ತು. ಹೊಗೆ ಜಾಸ್ತಿಯೆಂದು ಮೊದಲೇ ಗಾಡಿ ಕಳಕೊಂಡವರು ಅರ್ಜಿ ಹಿಡಿದು ಬಂದರು. ಅವರ ಹೊಗೆ ಶಾಸನಕ್ಕೆ ಮುಂಚಿನದಾದ್ದರಿಂದ ಅದರಲ್ಲಿ ಭಕ್ತಿಯಿತ್ತೆನ್ನಲು ಆಧಾರವಿಲ್ಲವೆಂದು ಇಲಾಖೆ ಉತ್ತರಿಸಿತು.

ನಂಜುಂಡಾರ್ಯನಿಗೆ ಧೂಮರತ್ನ ಬಿರುದು ದೊರೆತು, ರಥದಲ್ಲಿ ಮಹಾರಾಜನ ಪಕ್ಕದಲ್ಲೇ ಕೂರುವ ಹಕ್ಕು ಬಂತು. ವಿಜಯಯಾತ್ರೆ ಪೇಟೆಬೀದಿಗೆ ತಿರುಗಿತು. ಬೀದಿಯ ತುಂಬ ಗಾಡಿಗಳು ಭಕ್ತಿ ಕಾರುತ್ತ ನಿಂತಿದ್ದವು. ಹೂವಿನ ಯಂತ್ರಗಳು ಭೋರ್ಗರೆದವು. ಆ ಕತ್ತಲಲ್ಲಿ ಜನ ಕಂಬಗಳ ಹಾಗೆ ಮಸುಕಾಗಿ ಕಾಣುತ್ತಿದ್ದರು. ಎಲ್ಲರೂ ಕೆಮ್ಮುತ್ತಿದ್ದರು.

"ಏನದು ಸದ್ದು?" ಎಂದ ಮಹಾರಾಜ, ಏರಿಸಿದ ಕಿಟಕಿಯೊಳಗಿಂದ.

"ಜಯಕಾರ, ಪ್ರಭು."

ಹಳೇ ಮನೆಯೊಂದರ ಜಗಲಿಯ ಮುಂದೆ ಒಬ್ಬ ಹೆಂಗಸು ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ರಥ ಹತ್ತಿರ ಬಂದಂತೆ ಉಸಿರು ಸಿಗದೆ ಕಂಬ ಹಿಡಿದಳು, ಕಂಬ ಜಾರಿತು, ಮೊಣಕಾಲೂರಿ ಹಣೆ ನೆಲಕ್ಕೆ ತಾಗುವಂತೆ ಬಾಗಿದಳು.

"ನೋಡಿ, ನೋಡಿ," ಎಂದ ಮಹಾರಾಜ. "ಎಂಥ ಸಾಷ್ಟಾಂಗ. ಯಾರಾಕೆ?"

ನಂಜುಂಡಾರ್ಯ ನೋಡಿದ. ತುಳಸಮ್ಮ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

"ಯಾರೋ ಭಕ್ತೆ, ಪ್ರಭು," ಎಂದ.

"ಈ ಬೀದಿಗೆ ನಾಳೆಯಿಂದ ದಿನಾ ಬರೋಣ," ಎಂದ ಮಹಾರಾಜ. ಸಾರಥಿ ಆಕ್ಸಿಲರೇಟರ್ ಒತ್ತಿದ.