ಗಲ್ಲಿಗೆಲ್ಲಾ ಕೇಳಿಸಿದ ಶುಗರ್

ನಂಬಲ್ಲ ಅನ್ನೋರು ಆರ್.ಟಿ. ನಗರಕ್ಕೆ ಬನ್ನಿ. ಮಸೀದಿ ಹಿಂದಿನ ಗಲ್ಲಿಯಲ್ಲಿ ಯಾರನ್ನ ಬೇಕಾದ್ರೂ ನಿಲ್ಲಿಸಿ, "ಇಲ್ಲಿ ಡೈರಿ ಅಂದ್ರೆ ಯಾರು?" ಅಂತ ಕೇಳಿ. ನನ್ನ ಕಡೆ ಕೈ ತೋರಿಸದಿದ್ರೆ ಮೀಸೆ ಬೋಳಿಸ್ಕೊಳ್ತೀನಿ. ಹಾಲು ಮಾರೋನಲ್ಲ ನಾನು, ಶುಗರ್ ನೋಡೋನು. ಮೆಷಿನ್ನು ಒಂದು ಟ್ರಸ್ಟಿನದು, ಕೋಣೆ ಮಸೀದಿ ಕಮಿಟಿಯದು, ಜತೆಗಿರೋ ಸಿಸ್ಟರು ಮತ್ತು ಮಂಗಳವಾರ ಬರೋ ಡಾಕ್ಟರಮ್ಮ ಸರ್ಕಾರಿ ಆಸ್ಪತ್ರೆಯವರು. ಗಂಟಲು ಮಾತ್ರ ನನ್ನ ಸ್ವಂತದ್ದು. ಆ ಗಂಟಲಿಂದಲೇ ವಾರಕ್ಕೊಂದು ಫಜೀತಿ.

ಮೇನ್ ರೋಡ್ ದಾಟಿದ್ರೆ ಬೂಟು ಹಾಕ್ಕೊಂಡು ನಾಯಿ ಜತೆ ವಾಕಿಂಗ್ ಹೋಗೋ ಜನ. ಅಲ್ಲೂ ಶುಗರ್ ಇದೆ, ಈ ಗಲ್ಲಿಯಲ್ಲೂ ಇದೆ. ವ್ಯತ್ಯಾಸ ಇಷ್ಟೇ: ಅಲ್ಲಿಯವರ ಕಾಲ್ಬೆರಳು ಜಾಗದಲ್ಲೇ ಇದೆ. ಇಲ್ಲಿ ಕಾಯಿಲೆ ಗೊತ್ತಾಗೋ ಹೊತ್ತಿಗೆ ಬೆರಳು ತೆಗೀಬೇಕು ಅಂದಿರ್ತಾರೆ. ಅದನ್ನ ತಪ್ಪಿಸೋಕೆ ಬಂದವನು ನಾನು, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವನು.

೧. ಫಸ್ಟ್ ಬಂದವರು

ನಮ್ಮೂರ ಡೈರಿಯಲ್ಲಿ ಒಬ್ಬೊಬ್ಬರ ಹಾಲಿಗೂ ಮೆಷಿನ್ ಇಟ್ಟು ಫ್ಯಾಟ್ ಎಷ್ಟು ಅಂತ ಜೋರಾಗಿ ಕೂಗ್ಬೇಕು. ಕೂಗದಿದ್ರೆ ಮೋಸ ಅಂತಾರೆ. ಎರಡು ವರ್ಷ ಅಲ್ಲಿ ಕೂಗಿದ ಗಂಟಲು ಇದು. ಕ್ಯಾಂಪಿನ ಮೊದಲ ದಿನ ಅಭ್ಯಾಸಬಲದಲ್ಲಿ ಶುರು ಹಚ್ಕೊಂಡೆ: "ಇನ್ನೂರ ಎಂಬತ್ತು! ಮುಂದಿನೋರು ಬನ್ನಿ!"

ಸಿಸ್ಟರು ನನ್ನ ತೋಳು ಚಿವುಟಿದ್ರು. ನಾನು ನಿಲ್ಲಿಸಲಿಲ್ಲ. ಟೈಲರ್ ಚಾಚಾಗೆ ಮುನ್ನೂರ ಹನ್ನೆರಡು ಅಂತ ಕೂಗಿದಾಗ ಅವರು ಕಾಲರ್ ಸರಿ ಮಾಡ್ಕೊಂಡು ಎದ್ದುನಿಂತರು. "ಫಸ್ಟಾ?" ಅಂದ್ರು.

ಎದುರು ಮನೆ ಹೊಸ್ತಿಲ ಮೇಲೆ ಒಬ್ಬ ಅಜ್ಜಿ ಕೂತಿದ್ರು. ಗಲ್ಲಿಗೆಲ್ಲಾ ಅವರು ನಾನಿ. ಅವರು ಹೂಂ ಅಂದ್ರೆ ಎಲ್ಲಾ ಮನೆ ಹೂಂ ಅನ್ನುತ್ತೆ. ಪಾದದ ಹುಣ್ಣಿಗೆ ಬಟ್ಟೆ ಸುತ್ಕೊಂಡಿದ್ರು, ಎರಡು ತಿಂಗಳಿಂದ ಆರಿರಲಿಲ್ಲ. ಸಿಸ್ಟರು ಅದನ್ನ ನೋಡಿ ಗಾಬರಿಯಾದ್ರು. "ನಾನಿ, ಒಂದ್ಸಲ ಶುಗರ್ ನೋಡಿಸಿ."

"ನಕ್ಕೋ," ಅಂದ್ರು ನಾನಿ. ಬೇಡ ಅಂತ. "ಇವನು ನನ್ನ ನಂಬರ್ ಮಸೀದಿ ಮೈಕಿಗಿಂತ ಜೋರಾಗಿ ಹೇಳ್ತಾನೆ."

ಬಾಗಿಲು ಹಾಕ್ಕೊಂಡ್ರು. ಅವರ ಹಿಂದೆ ಇನ್ನೂ ಆರು ಮನೆ ಬಾಗಿಲು ಹಾಕ್ಕೊಂಡ್ವು. ಗಂಟಲಿನ ತಾಕತ್ತು ಅಂದ್ರೆ ಅದು!

೨. ವಾಕಿಂಗ್ ಫಲ

ಕೂಗೋದು ಬಿಟ್ಟೆ. ಚೀಟಿಯಲ್ಲಿ ಬರೆದು, ಮಡಚಿ ಕೊಡೋಕೆ ಶುರು ಮಾಡಿದೆ. ಜನ ವಾಪಸ್ ಬಂದ್ರು. ಹೆಂಗಸರಿಗೆ ಸಂಜೆ ವಾಕಿಂಗ್ ಹೇಳಿದೆ. ಬುರ್ಖಾ ಹಾಕ್ಕೊಂಡು ಇಪ್ಪತ್ತು ಜನ ಹೊರಟ ಶಿಸ್ತು ನೋಡ್ಬೇಕಿತ್ತು ನೀವು! ಪರೇಡು ಕಣ್ರೀ! ನನ್ನ ಎದೆ ಉಬ್ಬಿಹೋಯ್ತು.

ಹದಿನೈದು ದಿನಕ್ಕೆ ಎಲ್ಲರ ಶುಗರೂ ಮೇಲೇರಿತ್ತು.

ಮಾರನೇ ದಿನ ಹಿಂದೆಯೇ ಹೋದೆ. ಪರೇಡು ನೆಟ್ಟಗೆ ಬೇಕರಿಗೆ ಹೋಯ್ತು, ಸಕ್ಕರೆ-ಕೊಬ್ಬರಿ ತುಂಬಿದ ದಿಲ್‌ಪಸಂದ್ ತಿಂತು, ವಾಪಸ್ ಬಂತು. "ನಡೆದು ಸುಸ್ತಾಗುತ್ತಲ್ಲ ಭೈಯ್ಯಾ," ಅಂದ್ರು ಒಬ್ಬರು.

ಬೇಕರಿಯವರೇ ಮಸೀದಿ ಕಮಿಟಿ ಸೆಕ್ರೆಟರಿ. ಅವತ್ತಿಂದ ಸಂಜೆ ಕೌಂಟರಿಗೆ ಅಡ್ಡ ನಿಂತು, "ಇನ್ನೊಂದು ರೌಂಡ್ ಹೊಡೀರಿ, ಆಮೇಲೆ ನೋಡೋಣ" ಅಂತಾರೆ. ಆ "ಆಮೇಲೆ" ಇವತ್ತಿನವರೆಗೂ ಬಂದಿಲ್ಲ. ಗಿರಾಕಿಯನ್ನ ಓಡಿಸೋ ಬೇಕರಿ ಬೆಂಗಳೂರಲ್ಲಿ ಇನ್ನೊಂದಿದ್ರೆ ತೋರಿಸಿ.

೩. ಡೈರಿಯ ನಂಬರ್

ನಾನಿ ಮತ್ತು ಅವರ ಹಿಂದಿನ ಆ ಆರು ಮನೆಯವರು ಮಾತ್ರ ಬಾಗಿಲು ತೆಗೀಲಿಲ್ಲ. ನಾನಿಯ ಹುಣ್ಣು ಹೆಬ್ಬೆರಳಿನ ಹತ್ರ ಬಂದಿದೆ ಅಂತ ಪಕ್ಕದ ಮನೆಯವರು ಹೇಳಿದ್ರು. ಶುಗರ್ ಎಷ್ಟು ಅಂತ ತಿಳೀದೆ ಔಷಧಿ ಹೆಂಗಪ್ಪಾ ಕೊಡೋದು, ಇನ್ನು ತಡ ಆದ್ರೆ ಬೆರಳು ಹೋಗುತ್ತೆ, ಅಂದ್ರು ಡಾಕ್ಟರಮ್ಮ. ದಿನಾ ಹೋಗಿ ಹೊಸ್ತಿಲಾಚೆ ಕೂತೆ. ನಮ್ಮನೆ ಎಮ್ಮೆಗಳ ಕಥೆ ಹೇಳಿದೆ. ಗೂಳಿ ಮೂಗುದಾರ ಹಿಡಿದು ಬಗ್ಗಿಸಿದ್ದನ್ನ ಸ್ವಲ್ಪ ಜಾಸ್ತಿಯೇ ಹೇಳಿದೆ.

ಒಂದು ದಿನ ಬಾಗಿಲು ತೆಗೀತು.

"ನಿನ್ನ ಶುಗರ್ ಎಷ್ಟೋ ಡೈರಿ?"

"ನಂದಾ? ಇದು ಮುದ್ದೆ ತಿಂದ ಬಾಡಿ ನಾನಿ. ನಂಗ್ಯಾಕೆ?"

"ಒಂದ್ಸಲಾನೂ ಚುಚ್ಚಿಸ್ಕೊಂಡಿಲ್ಲ?"

ಗಲ್ಲಿ ಪೂರ್ತಿ ನಮ್ಮನ್ನೇ ನೋಡ್ತಿತ್ತು. ಟೈಲರ್ ಚಾಚಾ ಹೊಲಿಗೆ ಮೆಷಿನ್ ನಿಲ್ಲಿಸಿದ್ರು.

"ಬೆರಳು ತಾ," ಅಂದ್ರು ನಾನಿ.

ಸಿಸ್ಟರು ಹೊಸ ಸೂಜಿ ಹಾಕಿ ಕೊಟ್ರು. ಅವರ ಮುಖದಲ್ಲಿದ್ದ ಖುಷಿ ನನಗೆ ಹಿಡಿಸಲಿಲ್ಲ. ನಾನಿ ಚುಚ್ಚಿದ್ರು.

"ಅಯ್ಯಯ್ಯಪ್ಪೋ!"

ಕೂಗಿದ್ದು ನಾನೇ. ಬೇಕರಿಯವರು ಯಾರಿಗೋ ಆಕ್ಸಿಡೆಂಟ್ ಆಯ್ತು ಅಂತ ಓಡಿಬಂದ್ರು. ಸಿಸ್ಟರು ನಾನಿ ಕಿವಿಯಲ್ಲಿ ನಂಬರ್ ಹೇಳಿದ್ರು. ನಾನಿ ಗೋಡೆ ಹಿಡ್ಕೊಂಡು ಎದ್ದು, ಸೊಂಟಕ್ಕೆ ಕೈಯಿಟ್ಟು, ನನ್ನದೇ ರಾಗದಲ್ಲಿ ಗಲ್ಲಿಗೆಲ್ಲಾ ಕೇಳೋ ಹಾಗೆ ಕೂಗಿದ್ರು:

"ಡೈರಿಯವನದು ತೊಂಬತ್ತಾರು! ಶುಗರ್ ಇಲ್ಲ, ಧೈರ್ಯಾನೂ ಇಲ್ಲ! ಮುಂದಿನೋರು ಬನ್ನಿ!"

ಗಲ್ಲಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಬೆರಳು ಬಾಯಲ್ಲಿಟ್ಕೊಂಡು. ಮುಂದಿನೋರು ಯಾರು ಅಂತ ನಾನು ಸುತ್ತ ನೋಡೋ ಅಷ್ಟರಲ್ಲಿ ನಾನಿಯೇ ನನ್ನೆದುರು ಕೂತಿದ್ರು.

ಅವರ ನಂಬರ್ ಎಷ್ಟು ಅಂತ ಕೇಳ್ಬೇಡಿ, ಹೇಳಲ್ಲ. ಅದು ಮಡಚಿದ ಚೀಟಿಯಲ್ಲಿದೆ. ಔಷಧಿ ಶುರುವಾಯ್ತು, ಹುಣ್ಣು ಆರಿತು, ಕಾಲಿನ ಹತ್ತೂ ಬೆರಳು ಜಾಗದಲ್ಲೇ ಇವೆ. ಹಾಕಿದ್ದ ಆರು ಬಾಗಿಲೂ ತೆಗೆದ್ವು.

ಟ್ರಸ್ಟಿನವರು ಸರ್ಟಿಫಿಕೇಟ್ ಕೊಡ್ತೀವಿ ಅಂದಿದ್ರು, ಇನ್ನೂ ಬಂದಿಲ್ಲ. ಬರದಿದ್ರೂ ಚಿಂತೆಯಿಲ್ಲ. ಅಷ್ಟು ದಿನ ಹೊಸ್ತಿಲು ಕಾದಿದ್ದಕ್ಕೆ ಅವತ್ತು ನಾನಿ ನನಗೆ ಚುಚ್ಚೋಕೆ ಅಂತ ಕೊಟ್ಟಿದ್ದು ಎಡಗೈಯ ಉಂಗುರದ ಬೆರಳು.