ಮುಖ್ಯ ಧ್ವನಿ ಮಾತ್ರ ಉಳಿಯಲಿ

ಆಜೀವ ಎಂಬ ಮಾತಿನ ನಿಜವಾದ ಅರ್ಥ ನನಗೆ ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಹನ್ನೊಂದು ದಿನ. ಅಷ್ಟೇ. ಮನೆಯ ನೊಣಕ್ಕೂ ಇದಕ್ಕಿಂತ ಹೆಚ್ಚು ಆಯುಸ್ಸು ಇರುತ್ತದೆಯಂತೆ. (ಹೇಳಿದವಳು ನನ್ನ ಮಗಳು. ಜೀವಶಾಸ್ತ್ರ ಓದುತ್ತಾಳೆ, ಅಪ್ಪನ ಸಂಕಟದಲ್ಲೂ ಪರೀಕ್ಷೆಗೆ ಬರುವ ವಿಷಯವನ್ನೇ ಹುಡುಕುತ್ತಾಳೆ.)

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು, ಮೀಟರು ಕೋಲು ಸರಿಯಾಗಿವೆಯೇ ಎಂದು ನೋಡಿ ಮುದ್ರೆ ಒತ್ತುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಬ್ಬ ವರ್ತಕನಿಗೂ ನನಗೆ ಟೋಪಿ ಹಾಕಲು ಆಗಿಲ್ಲ. ಹಾಕಿದ್ದು ಮುಖವೂ ಇಲ್ಲದ, ಅಂಗಡಿಯೂ ಇಲ್ಲದ ಒಂದು ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರು.

ಎಲ್ಲಕ್ಕೂ ಮೂಲ ನನ್ನ ಹೆಂಡತಿಯ ಅರ್ಜಿ. ಹದಿನೆಂಟು ವರ್ಷದಿಂದ ಅವಳು ನಮ್ಮ ನಡುಮನೆಯ ಕಿಟಕಿಯ ಪಕ್ಕದಲ್ಲಿ ಮಿಷನ್ ಇಟ್ಟುಕೊಂಡು ಕಂಡವರ ಬಟ್ಟೆ ಹೊಲಿಯುತ್ತಿದ್ದಾಳೆ. ಈಗ ಹೊಲಿಗೆ ತರಬೇತಿ ಕೇಂದ್ರದಲ್ಲಿ ಟೀಚರ್ ಕೆಲಸ ಖಾಲಿ ಇತ್ತು. ಅರ್ಜಿಯ ಜೊತೆಗೆ ಹತ್ತು ನಿಮಿಷದ ಪಾಠದ ವಿಡಿಯೊ ಕಳಿಸಬೇಕು.

"ಎಂಟು ಮಿಷನ್ನು, ಒಂದು ಕರಿಹಲಗೆ, ಟೀಚರ್ ಅಂತ ಕರೆಯೋ ಜನ. ಇಷ್ಟೇ ರೀ ನಂಗೆ ಬೇಕಾಗಿರೋದು" ಎಂದಳು. ಸೀರೆ, ಒಡವೆ, ಪ್ರವಾಸ ಯಾವುದನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಇದೊಂದನ್ನು ಮಾತ್ರ ಕೇಳಿದಳು.

ಭಾನುವಾರ ಬೆಳಿಗ್ಗೆ ವಿಡಿಯೊ ತೆಗೆದವನು ನಾನೇ. ಪಾಠ, ಅಂಗಿಗೆ ಕಾಲರ್ ಕೂಡಿಸುವುದು. ಅವಳು ಸೊಗಸಾಗಿ ಹೇಳಿಕೊಟ್ಟಳು. ನಾನು ಫೋನು ಹಿಡಿದು ನಿಂತು, ಇಲಾಖೆ ಕಲಿಸಿದ ಕರ್ತವ್ಯಪ್ರಜ್ಞೆಯಿಂದ, ನಡುನಡುವೆ ಒಂದೆರಡು ಸಲಹೆ ಕೊಟ್ಟೆ. (ಹದಿನೇಳು ಎಂದು ಮಗಳು ಆಮೇಲೆ ಎಣಿಸಿ ಹೇಳಿದಳು.) "ಆ ಟೇಪು ಹಳೇದು, ಎಳೆದೆಳೆದು ಉದ್ದ ಆಗಿದೆ." "ಅದು ಅರ್ಧ ಇಂಚಲ್ಲ, ಒಂದು ನೂಲು ಕಮ್ಮಿ." ಒಮ್ಮೆಯಂತೂ ನನ್ನ ಬಲಗೈಯೇ ಚಿತ್ರದೊಳಗೆ ನುಗ್ಗಿತು. ಅವಳು ಪ್ರತಿ ಸಲವೂ ನಗುನಗುತ್ತಲೇ "ಆಗಲಿ, ಈಗ ಬಟ್ಟೆ ಕಡೆ ನೋಡಿ" ಎಂದು ಮುಂದುವರಿಸಿದಳು. ಫೋನು ಆರಿಸಿದ ಮೇಲೆ ಆ ನಗುವೂ ಆರಿತು.

"ಹತ್ತು ನಿಮಿಷ ನಿಮ್ಮ ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಆಗ್ಲಿಲ್ವಾ? ಆ ಅಂಗಿ ನಾಳೆ ಗಿರಾಕಿಗೆ ಕೊಡ್ಬೇಕು, ಇನ್ನೊಂದ್ಸಲ ಹೇಗೆ ಮಾಡ್ಲಿ?"

"ಇನ್ನೊಂದ್ಸಲ ಯಾಕೆ? ನನ್ನ ದನಿ ಮಾತ್ರ ತೆಗೆದುಹಾಕಿದ್ರಾಯ್ತು. ನಾನು ಮಾಡ್ತೀನಿ ಬಿಡು."

"ಅಪ್ಪಾ, ಸ್ಟುಡಿಯೊದವ್ರಿಗೆ ಕೊಡಿ. ಅರ್ಧ ಗಂಟೆ ಕೆಲಸ" ಎಂದಳು ಮಗಳು.

ಅರ್ಧ ಗಂಟೆಯ ಕೆಲಸಕ್ಕೆ ಇನ್ನೊಬ್ಬನ ಕಾಲು ಹಿಡಿಯುವುದೇ? ಅವತ್ತೇ ಮಧ್ಯಾಹ್ನ ಒಂದು ಜೊತೆ ಚಪ್ಪಲಿಯ ಬೆಲೆಗೆ ಸಾಫ್ಟ್‌ವೇರು ಕೊಂಡೆ. 'ಒಮ್ಮೆ ಕೊಳ್ಳಿ, ಆಜೀವ ಬಳಸಿ' ಎಂದು ಬರೆದಿತ್ತು. ಅರ್ಜಿಗೆ ಇನ್ನೂ ಹನ್ನೊಂದು ದಿನ ಇತ್ತು. ಅದರಲ್ಲಿ ಹತ್ತು ದಿನ ನಾನು ಕೈಕಟ್ಟಿ ಕೂತಿರಲಿಲ್ಲ. ಹೆಂಡತಿಯ ಹೆಸರು ಬುಗುರಿಯಂತೆ ತಿರುಗಿ ಬಂದು ನಿಲ್ಲುವ ಹಾಗೆ ಮಾಡಿದೆ. ಕಾಲರಿನ ಮೇಲೆ ಗುಲಾಬಿ ಉದುರಿಸಿದೆ. ಗುಲಾಬಿ ಯಾಕೆ ಎಂದು ಅವಳು ಕೇಳಿದಾಗ, ಉಚಿತವಾಗಿ ಬಂದಿದೆ ಎಂದೆ.

ಕೊನೆಯ ದಿನ ಗುರುವಾರ, ಸಂಜೆ ಐದರೊಳಗೆ ಕಳಿಸಬೇಕು. ನಾನು ರಜೆ ಹಾಕಿ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಮುಂದೆ ಕೂತು, 'ಮುಖ್ಯ ಧ್ವನಿ ಮಾತ್ರ ಉಳಿಸಿ' ಎಂಬ ಗುಂಡಿಯನ್ನು ಒತ್ತಿದೆ. ಅದರ ಮೇಲೊಂದು ಪುಟ್ಟ ಬೀಗ ಕಾಣಿಸಿತು. ಈ ಸೌಲಭ್ಯಕ್ಕೆ ಪ್ರತ್ಯೇಕ ಹಣ. ಕಟ್ಟಿದೆ. ಬೀಗ ಹೋಯಿತು, ಹೊಸ ಪ್ರಶ್ನೆ ಬಂತು. 'ಇದಕ್ಕೆ ಹನ್ನೆರಡನೆಯ ಆವೃತ್ತಿ ಬೇಕು. ಈಗಲೇ ಹಾಕಲೇ?' ಹೌದು ಎಂದೆ. (ಓದದೆ ಹೌದು ಎನ್ನುವುದು ಮದುವೆಯಾದ ಮೇಲೆ ಬಂದ ಅಭ್ಯಾಸ.) ಒಂದು ಗಂಟೆ ನೀಲಿ ಗೆರೆಯೊಂದು ತೆವಳಿತು. ಆಮೇಲೆ ಬಂದ ಒಕ್ಕಣೆ ಹೀಗಿತ್ತು: 'ತಮ್ಮ ಆಜೀವ ಪರವಾನಗಿಯು ಹನ್ನೊಂದನೆಯ ಆವೃತ್ತಿಗೆ ಮಾತ್ರ ಅನ್ವಯ. ಹನ್ನೆರಡಕ್ಕೆ ವಾರ್ಷಿಕ ಚಂದಾ.'

"ಆಜೀವ ಅಂದ್ರೆ ಯಾರ ಜೀವ?" ಎಂದು ಕೂಗಿದೆ.

"ಆ ಆವೃತ್ತಿ ಬದುಕಿರೋವರೆಗೂ ಅಪ್ಪ" ಎಂದಳು ಮಗಳು. "ಅದನ್ನ ಈಗ ತಾನೇ ನಿಮ್ಮ ಕೈಯಾರೆ ಕೊಂದ್ರಿ."

ಸತ್ತದ್ದನ್ನು ಎಬ್ಬಿಸಲೂ ನೋಡಿದೆ. ಹನ್ನೊಂದನ್ನು ಮತ್ತೆ ಹಾಕಿದರೆ, ಈ ಕಡತ ಹನ್ನೆರಡರದ್ದು, ನಾನು ತೆರೆಯುವುದಿಲ್ಲ ಎಂದಿತು. ಹನ್ನೆರಡಕ್ಕೆ ಹೋದರೆ ಚಂದಾ ಎಂದಿತು. ಅತ್ತ ದರಿ, ಇತ್ತ ಪುಲಿ. ಮೂಲೆಯಲ್ಲಿ 'ಸಹಾಯ ಬೇಕೇ?' ಎಂಬ ಮಾತಿನ ಪೆಟ್ಟಿಗೆ ಕಂಡಿತು. ಕೂಡಲೇ ಗ್ರಾಹಕರ ಹಕ್ಕು, ವ್ಯಾಪಾರದ ನೀತಿ, ನನ್ನ ಹುದ್ದೆ, ಸೇವಾವಧಿ ಎಲ್ಲವನ್ನೂ ಸೇರಿಸಿ ಮೂವತ್ತು ಸಾಲಿನ ನೋಟೀಸು ಬರೆದೆ. ಅರೆಕ್ಷಣದಲ್ಲಿ ಉತ್ತರ ಬಂತು. 'ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮುಂದುವರಿಯಲು ಒಂದನ್ನು ಒತ್ತಿ.' ಒತ್ತಿದೆ. ಅದು ನನ್ನನ್ನು ಕೈಹಿಡಿದು ಚಂದಾ ಕಟ್ಟುವ ಪುಟಕ್ಕೇ ತಂದು ಬಿಟ್ಟಿತು.

"ಇದು ಹಗಲುದರೋಡೆ!" ಎಂದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಅಂಗಡಿಯವ್ರ ತಕ್ಕಡಿಗೆ ನೀವು ಮತ್ತೆ ಮತ್ತೆ ಮುದ್ರೆ ಹಾಕಿ ಶುಲ್ಕ ಕಟ್ಟಿ ಅನ್ನಲ್ವಾ? ಅವ್ರ ತಕ್ಕಡಿ ಏನು ನಡುವೆ ಸತ್ತು ಹೋಗಿರುತ್ತಾ?"

"ಅದು ಸರ್ಕಾರದ ಶುಲ್ಕ ಕಣೇ!"

"ಇದು ಇನ್ಯಾರದೋ ಶುಲ್ಕ. ಕಟ್ಟಿ. ಗಂಟೆ ಮೂರಾಯ್ತು. ನನ್ನ ಕೆಲಸ ಹೋದ್ರೆ ಅದಕ್ಕೆ ಯಾವ ಮುದ್ರೆ ಹಾಕ್ತೀರಿ?"

ಕಟ್ಟಿದೆ. ಗುಂಡಿ ಒತ್ತಿದೆ. ಮತ್ತೆ ಆ ನೀಲಿ ಗೆರೆ. ಶೇಕಡಾ ಹದಿನಾಲ್ಕು, ಹದಿನೈದು, ಮತ್ತೆ ಹದಿನಾಲ್ಕು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕುರ್ಚಿಯ ಸಡಿಲ ಮೊಳೆ ಬಿಗಿಮಾಡಿದೆ. ಗಿಡಕ್ಕೆ ನೀರು ಹಾಕಿದೆ, ಮರೆತು ಮತ್ತೆ ಹಾಕಿದೆ. ಗಡಿಯಾರ ಮುಂದಿರಬಹುದೆಂದು ಫೋನು ನೋಡಿದೆ, ಫೋನು ಇನ್ನೂ ಮುಂದಿತ್ತು. ಹೆಂಡತಿ ಮಿಷನ್ ತುಳಿಯುತ್ತಿದ್ದಳು, ಆದರೆ ಸೂಜಿಗೆ ದಾರ ಇರಲಿಲ್ಲ.

ನಾಲ್ಕೂವರೆಗೆ 'ಮುಗಿಯಿತು, ಅಭಿನಂದನೆ' ಎಂದು ಬಂತು. ಮೂವರೂ ಕಂಪ್ಯೂಟರಿನ ಮುಂದೆ ಸೇರಿದೆವು. ಹೆಸರು ತಿರುಗಿ ಬಂತು, ಗುಲಾಬಿ ಉದುರಿತು. ಹೆಂಡತಿ ಕ್ಯಾಮೆರಾ ಕಡೆ ನೋಡಿ ಕೈಮುಗಿದು ಬಾಯಿ ತೆರೆದಳು. ಸದ್ದಿಲ್ಲ. ಬಟ್ಟೆ ಎತ್ತಿ ತೋರಿಸಿ ಏನೋ ಹೇಳಿದಳು. ಸದ್ದಿಲ್ಲ. ಆಮೇಲೆ ಆಕಾಶವಾಣಿಯಂತೆ ಗಂಭೀರವಾದ ಒಂದು ಗಂಡುದನಿ ಕೇಳಿಸಿತು:

"ಆ ಟೇಪು ಹಳೇದು."

ಹತ್ತು ನಿಮಿಷವೂ ಇದೇ. ನನ್ನ ಹದಿನೇಳು ಸಲಹೆಗಳೂ ಸ್ಫಟಿಕದಷ್ಟು ಸ್ಪಷ್ಟವಾಗಿದ್ದವು. ಫೋನು ನನ್ನ ಕೈಯಲ್ಲೇ ಇದ್ದುದರಿಂದ ನನ್ನ ದನಿಯೇ ಜೋರಾಗಿ ದಾಖಲಾಗಿತ್ತು. ಆ ಯಂತ್ರ ಎರಡೂ ದನಿಗಳನ್ನು ತೂಗಿ ನೋಡಿ, ಮುಖ್ಯ ಧ್ವನಿ ನನ್ನದೆಂದು ತೀರ್ಮಾನಿಸಿ, ನನ್ನ ಹೆಂಡತಿಯ ಪಾಠವನ್ನು ಹೊರಗಿನ ಗದ್ದಲವೆಂದು ತೆಗೆದುಹಾಕಿತ್ತು.

ಮಗಳು ನಕ್ಕಳು, ಅಮ್ಮನ ಮುಖ ನೋಡಿ ನಿಲ್ಲಿಸಿದಳು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ದುಡ್ಡು ಕೊಟ್ಟು ನನ್ನ ಬಾಯಿ ಮುಚ್ಚಿಸಿದ್ರಿ" ಎಂದಳು ಮೆಲ್ಲಗೆ. "ಮನೇಲಿ ಇದನ್ನ ಪುಕ್ಕಟೆಯಾಗೇ ಮಾಡ್ತಿದ್ರಿ."

ನಾನು ತಲೆ ತಗ್ಗಿಸಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಗಂಟೆ ನಾಲ್ಕು ಐವತ್ತು. ಅವಳು ನನ್ನ ಫೋನು ತೆಗೆದುಕೊಂಡು, ಭಾನುವಾರ ತೆಗೆದ ವಿಡಿಯೊವನ್ನು ಇದ್ದಂತೆಯೇ ಕೇಂದ್ರಕ್ಕೆ ಕಳಿಸಿಬಿಟ್ಟಳು.

"ಅಯ್ಯೋ, ಅದರಲ್ಲಿ ನಾನು ಮಾತಾಡ್ತಿದೀನಲ್ಲೇ!"

"ನೀವು ಎಲ್ಲಿ ಮಾತಾಡಿಲ್ಲ ಹೇಳಿ?"

ಆಮೇಲಿನ ಏಳು ದಿನ ನಾನು ಮನೆಯಲ್ಲಿ ಬೆಕ್ಕಿನಂತೆ ಓಡಾಡಿದೆ. ಯಾರ ಫೋನು ಬಂದರೂ ಎದ್ದು ನಿಲ್ಲುತ್ತಿದ್ದೆ. ಕೆಲಸ ಸಿಗದಿದ್ದರೆ ತಪ್ಪು ಪೂರ್ತಿ ನನ್ನದು. ಇದನ್ನು ಅವಳು ಒಂದು ಸಲವೂ ಹೇಳಲಿಲ್ಲ, ಅದೇ ನನ್ನನ್ನು ಕೊಂದಿತು.

ಎಂಟನೆಯ ದಿನ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥೆಯ ಫೋನು ಬಂತು. ಹೆಂಡತಿಯ ಎರಡೂ ಕೈಯಲ್ಲಿ ಬಟ್ಟೆ ಇತ್ತು, ಹಾಗಾಗಿ ಮಗಳು ಸ್ಪೀಕರ್ ಹಾಕಿದಳು.

"ನಿಮ್ಮ ವಿಡಿಯೊ ನಾಲ್ಕು ಜನ ಕೂತು ನೋಡಿದ್ವಿ ಅಮ್ಮಾ. ಬೇರೆಯವ್ರೆಲ್ಲ ಸಿನಿಮಾ ಥರ ಮಾಡಿ ಕಳಿಸಿದಾರೆ. ಪಾಠ ಕೇಳೋಕೆ ಮಾತ್ರ ಎದುರಿಗೆ ಒಬ್ರೂ ಇಲ್ಲ. ನಿಜವಾದ ವಿದ್ಯಾರ್ಥೀನ ಇಟ್ಕೊಂಡು ಪಾಠ ಮಾಡಿರೋದು ನೀವೊಬ್ರೇ. ಅದೂ ಎಂಥ ವಿದ್ಯಾರ್ಥಿ! ಅಷ್ಟು ಸಲ ಬಾಯಿ ಹಾಕಿದ್ರೂ ನೀವು ಒಂದ್ಸಲಾನೂ ತಾಳ್ಮೆ ಕಳ್ಕೊಳ್ಳಲಿಲ್ಲ. ಕೈ ಅಡ್ಡ ತಂದಾಗ, ಟೇಪನ್ನ ಆ ಕೈಗೇ ಕೊಟ್ಟು 'ಇದನ್ನ ಹಿಡ್ಕೊಂಡಿರಿ' ಅಂದ್ರಲ್ಲ, ಆಮೇಲೆ ಎರಡು ನಿಮಿಷ ಉಸಿರಿಲ್ಲ! ಇಂಥವ್ರು ನಮ್ಮಲ್ಲಿ ಪ್ರತಿ ತಂಡದಲ್ಲೂ ಒಬ್ರು ಇರ್ತಾರೆ. ಸೋಮವಾರದಿಂದ ಬನ್ನಿ ಟೀಚರ್."

ಹೆಂಡತಿಯ ಕಣ್ಣು ತುಂಬಿತು. ನನ್ನದೂ ತುಂಬಿತು ಅನ್ನಿ. ನನ್ನ ಬಾಯಿಂದಲೇ ಕೆಲಸ ಸಿಕ್ಕಿತೆಂದು ಎದೆಯುಬ್ಬಿಸಿ ನಿಂತೆ.

"ಒಂದು ಕೇಳ್ಲಾ?" ಎಂದರು ಮುಖ್ಯಸ್ಥೆ. "ಆ ವಿದ್ಯಾರ್ಥಿ ಎಷ್ಟು ದಿನದಿಂದ ನಿಮ್ಮ ಹತ್ರ ಕಲೀತಿದಾರೆ?"

ನಾನು ಎರಡೂ ಕೈಯೆತ್ತಿ ಸನ್ನೆ ಮಾಡಿದೆ. ಗಂಡ ಎಂದು ಹೇಳು, ಇನ್ಸ್‌ಪೆಕ್ಟರು ಎಂದು ಹೇಳು. ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ಇಪ್ಪತ್ಮೂರು ವರ್ಷ ಆಯ್ತು ಮೇಡಂ. ಹೊಲಿಗೆ ಇನ್ನೂ ಶುರು ಮಾಡಿಲ್ಲ, ಮೊದಲು ಸುಮ್ನಿರೋದು ಕಲಿಸ್ತಿದೀನಿ."